ಕೀಲಿಕೈ ಕೊಡುವಾಗ ಅವಧಿಯನ್ನೂ ಹೇಳಿ: ಕಂಪ್ಯೂಟರ್ ವ್ಯವಸ್ಥೆಗೆ ತಾತ್ಕಾಲಿಕ ಅನುಮತಿ ಏಕೆ, ಹೇಗೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ನಮ್ಮ ಕುಟುಂಬಗಳಲ್ಲಿ ಇಂದು ಕಂಪ್ಯೂಟರ್ ಮುಟ್ಟದ ವ್ಯವಹಾರ ಕಡಿಮೆ. ಕಬ್ಬಿನ ಬಿಲ್ಲು ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಸೀರೆ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿದೆ. ಹೊಲದ ಉತಾರ, ಮಕ್ಕಳ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತ ಪ್ರಮಾಣಪತ್ರ ಎಲ್ಲವೂ ಆನ್‌ಲೈನ್. ಬಸದಿಯ ದೇಣಿಗೆ ಕ್ಯೂಆರ್ ಕೋಡ್ ಮೂಲಕ ಬರುತ್ತದೆ, ಚಾತುರ್ಮಾಸದ ಊಟ-ವಸತಿಯ ಪಟ್ಟಿ ಗೂಗಲ್ ಫಾರ್ಮ್‌ನಲ್ಲಿ ತಯಾರಾಗುತ್ತದೆ.

ಈ ಕೆಲಸಗಳನ್ನೆಲ್ಲ ಒಬ್ಬರೇ ಮಾಡಲು ಆಗುವುದಿಲ್ಲ. ಲೆಕ್ಕ ಬರೆಯುವವರಿಗೆ, ಆಡಿಟರ್‌ಗೆ, ಕಂಪ್ಯೂಟರ್ ರಿಪೇರಿಗೆ ಬಂದವರಿಗೆ, ಸ್ವಯಂಸೇವಕರಿಗೆ, ಮನೆಯ ಮಕ್ಕಳಿಗೆ ಪಾಸ್‌ವರ್ಡ್ ಕೊಡುತ್ತೇವೆ, ಒಟಿಪಿ ಹೇಳುತ್ತೇವೆ. ಕೊಡುವುದು ತಪ್ಪಲ್ಲ, ಕೊಡದಿದ್ದರೆ ಕೆಲಸವೇ ಸಾಗದು. ತೊಂದರೆ ಇರುವುದು ಬೇರೆ ಕಡೆ. ಕೊಟ್ಟದ್ದನ್ನು ಯಾವಾಗ ಹಿಂದಕ್ಕೆ ಪಡೆಯಬೇಕು ಎಂಬುದನ್ನು ಯಾರೂ ಗೊತ್ತುಪಡಿಸುವುದಿಲ್ಲ. ಕೆಲಸ ಮುಗಿಯುತ್ತದೆ, ಅನುಮತಿ ಮಾತ್ರ ಉಳಿಯುತ್ತದೆ.

ಈ ಕೊರತೆಗೆ ಕಂಪ್ಯೂಟರ್ ಜಗತ್ತು ಕಂಡುಕೊಂಡಿರುವ ಪರಿಹಾರವೇ ತಾತ್ಕಾಲಿಕ ಅನುಮತಿ. ಅದನ್ನು ಮನೆ, ಅಂಗಡಿ, ಪತ್ತಿನ ಸಂಘ ಮತ್ತು ಬಸದಿ ಟ್ರಸ್ಟ್‌ಗಳಲ್ಲಿ ಹೇಗೆ ಅಳವಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಾತ್ಕಾಲಿಕ ಅನುಮತಿ ಎಂದರೇನು?

ಜಮಖಂಡಿಯಿಂದ ಮುಧೋಳಕ್ಕೆ ಬಸ್ ಟಿಕೆಟ್ ತೆಗೆಸಿದರೆ ಅದು ಆ ದಿನದ ಆ ಪ್ರಯಾಣಕ್ಕೆ ಮಾತ್ರ ನಡೆಯುತ್ತದೆ. ಮುಧೋಳದಲ್ಲಿ ಇಳಿದ ಮೇಲೆ ಆ ಚೀಟಿ ಕಳೆದುಹೋದರೂ ಚಿಂತೆಯಿಲ್ಲ, ಯಾರಿಗೆ ಸಿಕ್ಕರೂ ಉಪಯೋಗವಿಲ್ಲ. ಕೊನೆಯ ದಿನಾಂಕವೇ ಇಲ್ಲದ ಪಾಸ್ ಕಳೆದರೆ ಹಾಗಲ್ಲ, ಸಿಕ್ಕವರು ಎಷ್ಟು ದಿನವಾದರೂ ತಿರುಗಾಡಬಹುದು. ನಾವು ಹಂಚುವ ಪಾಸ್‌ವರ್ಡ್‌ಗಳು ಹೆಚ್ಚಾಗಿ ಈ ಎರಡನೇ ಬಗೆಯವು.

ತಾತ್ಕಾಲಿಕ ಅನುಮತಿಯಲ್ಲಿ ನಾಲ್ಕು ಸಂಗತಿಗಳು ಮೊದಲೇ ನಿರ್ಧಾರವಾಗಿರುತ್ತವೆ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟರ ಮಟ್ಟಿಗೆ, ಎಲ್ಲಿಯವರೆಗೆ. ಇವುಗಳ ಜೊತೆಗೆ, ಆ ಅವಧಿಯಲ್ಲಿ ಏನು ನಡೆಯಿತು ಎಂಬ ದಾಖಲೆಯೂ ಉಳಿಯಬೇಕು. ಅವಧಿ ಮುಗಿದಾಗ ಅನುಮತಿ ತಾನಾಗಿಯೇ ರದ್ದಾದರೆ ಅತ್ಯುತ್ತಮ. ಆ ಸೌಲಭ್ಯ ಇಲ್ಲದ ಕಡೆ ಒಬ್ಬರು ಜವಾಬ್ದಾರಿ ಹೊತ್ತು ರದ್ದು ಮಾಡಬೇಕು.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಎಂಐಟಿಯ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲೇ ಕಂಪ್ಯೂಟರ್ ಸುರಕ್ಷತೆಯ ಮೂಲ ತತ್ತ್ವಗಳನ್ನು ಪಟ್ಟಿ ಮಾಡಿದರು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು, ಅದಕ್ಕಿಂತ ಹೆಚ್ಚು ಕೂಡದು ಎಂಬುದು ಅವುಗಳಲ್ಲಿ ಒಂದು. ಅದೇ ಎಂಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕರ್ಬರೋಸ್ ವ್ಯವಸ್ಥೆಯಲ್ಲಿ ಬಳಕೆದಾರರಿಗೆ ಸಿಗುವ ಡಿಜಿಟಲ್ ಪರವಾನಗಿಯ ಹೆಸರೇ ‘ಟಿಕೆಟ್’. ಗೊತ್ತುಪಡಿಸಿದ ಗಂಟೆಗಳು ಕಳೆದ ಮೇಲೆ ಅದು ನಡೆಯುವುದಿಲ್ಲ.

ನಮ್ಮ ಕೈಯಲ್ಲಿರುವ ಮೊಬೈಲ್‌ನಲ್ಲೂ ಇದೇ ತತ್ತ್ವವಿದೆ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಯಾವುದಾದರೂ ಆಪ್ ಕ್ಯಾಮೆರಾ, ಮೈಕ್ ಅಥವಾ ಸ್ಥಳದ ಮಾಹಿತಿ ಕೇಳಿದಾಗ ಈ ಒಂದು ಸಲಕ್ಕೆ ಮಾತ್ರ ಒಪ್ಪಿಗೆ ಕೊಡುವ ಆಯ್ಕೆ ಕಾಣುತ್ತದೆ. ತಿಂಗಳುಗಟ್ಟಲೆ ತೆರೆಯದ ಆಪ್‌ಗಳಿಗೆ ಕೊಟ್ಟಿದ್ದ ಅನುಮತಿಯನ್ನು ಫೋನ್ ತಾನೇ ಹಿಂದಕ್ಕೆ ಪಡೆಯುತ್ತದೆ. ಒಂದು ಆಪ್‌ನ ವಿಷಯದಲ್ಲಿ ಫೋನ್ ತೋರಿಸುವ ಈ ಎಚ್ಚರವನ್ನು ನಾವು ಟ್ರಸ್ಟ್‌ನ ಖಾತೆಯ ವಿಷಯದಲ್ಲೂ ತೋರಿಸಬೇಕಿದೆ.

ಮರೆತ ಅನುಮತಿ ಏನು ಮಾಡಬಲ್ಲದು?

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ತನ್ನ ಇಂಧನ ಕೊಳವೆ ಮಾರ್ಗವನ್ನು ಹಲವು ದಿನ ನಿಲ್ಲಿಸಬೇಕಾಯಿತು. ಆ ದೇಶದ ಪೂರ್ವ ಕರಾವಳಿಗೆ ಬೇಕಾದ ಇಂಧನದ ಸುಮಾರು 45 ಶೇಕಡಾ ಆ ಮಾರ್ಗದಲ್ಲೇ ಹರಿಯುತ್ತಿತ್ತು. ಪೆಟ್ರೋಲ್ ಪಂಪ್‌ಗಳ ಮುಂದೆ ಸಾಲು ಬೆಳೆಯಿತು. ಕಂಪನಿ 44 ಲಕ್ಷ ಡಾಲರ್ ಒತ್ತೆಹಣ ತೆತ್ತಿತು. ಒಳನುಗ್ಗಿದವರು ಬಳಸಿದ್ದು ಹಳೆಯ ವಿಪಿಎನ್ ಖಾತೆಯೊಂದನ್ನು. ಆ ಖಾತೆಯನ್ನು ಕಂಪನಿಯಲ್ಲಿ ಯಾರೂ ಉಪಯೋಗಿಸುತ್ತಿರಲಿಲ್ಲ. ಆದರೆ ಅದನ್ನು ಮುಚ್ಚಿರಲಿಲ್ಲ, ಪಾಸ್‌ವರ್ಡ್ ಬಿಟ್ಟರೆ ಎರಡನೇ ಪರಿಶೀಲನೆಯೂ ಇರಲಿಲ್ಲ.

ಅದಕ್ಕೂ ಮೊದಲು, 2013ರಲ್ಲಿ, ಟಾರ್ಗೆಟ್ ಎಂಬ ಅಮೆರಿಕದ ಅಂಗಡಿ ಸರಪಳಿಯಿಂದ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳವಾಯಿತು. ಕಳ್ಳರು ಮೊದಲು ಕದ್ದದ್ದು ಶೀತಲೀಕರಣ ಯಂತ್ರಗಳ ಗುತ್ತಿಗೆದಾರ ಸಂಸ್ಥೆಯೊಂದರ ಲಾಗಿನ್. ತನ್ನ ಕೆಲಸಕ್ಕೆಂದು ಅದಕ್ಕೆ ಸಿಕ್ಕಿದ್ದ ಪ್ರವೇಶವೇ ಒಳಗೆ ಹೋಗುವ ದಾರಿಯಾಯಿತು.

ಇವು ದೂರದ ದೊಡ್ಡ ಕಂಪನಿಗಳ ಕಥೆ ಎನಿಸಬಹುದು. ನಮಗೆ ನೇರ ಸಂಬಂಧಿಸಿದ ಒಂದು ಪ್ರಕರಣವೂ ಇದೆ. 2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ ಮೇಲೆ ನಮ್ಮ ಮಕ್ಕಳೂ ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳಿಗೆ ಅರ್ಹರಾದರು. ಈ ಯೋಜನೆಯ ಕುರಿತು ನಡೆಸಿದ ಪರಿಶೀಲನೆಯಲ್ಲಿ, ನೋಡಿದ 1,572 ಸಂಸ್ಥೆಗಳ ಪೈಕಿ 830 ಸಂಸ್ಥೆಗಳು ನಕಲಿ ಅಥವಾ ಕಾರ್ಯನಿರ್ವಹಿಸದವು ಎಂದು ಕಂಡುಬಂತು. 2017–18ರಿಂದ 2021–22ರವರೆಗೆ 144.83 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಂದಾಜಿಸಿ, 2023ರಲ್ಲಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಲಾಯಿತು. ಪೋರ್ಟಲ್‌ನಲ್ಲಿ ಅರ್ಜಿಯೊಂದು ಮುಂದೆ ಸಾಗಬೇಕಾದರೆ ಪರಿಶೀಲನೆಯ ಅಧಿಕಾರ ಇರುವ ಲಾಗಿನ್‌ನಿಂದ ಒಪ್ಪಿಗೆ ಬೇಕು. ಆ ಲಾಗಿನ್ ನಿಜವಾಗಿ ಯಾರ ಕೈಯಲ್ಲಿದೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂದು ಇದರಿಂದ ತಿಳಿಯುತ್ತದೆ. ಈಗ ಸಂಸ್ಥೆಯ ನೋಡಲ್ ಅಧಿಕಾರಿ ಮತ್ತು ಮುಖ್ಯಸ್ಥರಿಗೆ ಬಯೋಮೆಟ್ರಿಕ್ ದೃಢೀಕರಣ ತರಲಾಗಿದೆ. ಪಾಸ್‌ವರ್ಡ್ ಗೊತ್ತಿದ್ದವರೆಲ್ಲ ಅಧಿಕಾರಿಯಾಗಿಬಿಡುವುದನ್ನು ತಪ್ಪಿಸಲೆಂದೇ ಈ ಕ್ರಮ.

ಸಮಾಜದ ಶಾಲೆ, ಬೋರ್ಡಿಂಗ್ ನಡೆಸುವ ಆಡಳಿತ ಮಂಡಳಿಗಳು ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನೋಡಲ್ ಶಿಕ್ಷಕರು ವರ್ಗವಾದ ದಿನ ಅಥವಾ ನಿವೃತ್ತರಾದ ದಿನವೇ ಆ ಲಾಗಿನ್ ಬದಲಾಗಬೇಕು. ಮುಂದಿನ ಅರ್ಜಿ ಹಂಗಾಮು ಬರಲಿ ಎಂದು ಕಾಯಬಾರದು.

ಮನೆಯಲ್ಲಿ: ಬೆರಳಚ್ಚಿಗೂ ಅವಧಿ ಇರಲಿ

ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. 2023ರಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಹಲವರ ಖಾತೆಗಳಿಂದ ಹಣ ಮಾಯವಾದಾಗ ಈ ಮಾತಿನ ಅರ್ಥ ರಾಜ್ಯಕ್ಕೇ ತಿಳಿಯಿತು. ಹಣ ಕಳೆದುಕೊಂಡವರಲ್ಲಿ ಅನೇಕರು ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದವರು. ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ನೋಂದಾಯಿತ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಾದ ಎಇಪಿಎಸ್ ಮೂಲಕ ಹಣ ತೆಗೆಯಲಾಗಿತ್ತು. ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮವನ್ನೂ ಕೈಗೊಳ್ಳಲಾಯಿತು.

ಎಇಪಿಎಸ್‌ನಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಬ್ಯಾಂಕ್ ದೂರವಿರುವ ಹಳ್ಳಿಯ ಹಿರಿಯರಿಗೆ ಇದು ದೊಡ್ಡ ಅನುಕೂಲ. ಆದರೆ ಬೆರಳಚ್ಚು ಎಂಬುದು ದಿನದ 24 ಗಂಟೆಯೂ ತೆರೆದೇ ಇರುವ ಬಾಗಿಲಾದರೆ ಅದೇ ಅನುಕೂಲ ಅಪಾಯವಾಗುತ್ತದೆ.

ಇದಕ್ಕೆ ಯುಐಡಿಎಐ ಕೊಟ್ಟಿರುವ ಉಪಾಯ ಬಯೋಮೆಟ್ರಿಕ್ ಲಾಕ್. ಮೈಆಧಾರ್ ಜಾಲತಾಣದಲ್ಲಿ ಅಥವಾ ಆಧಾರ್ ಆಪ್‌ನಲ್ಲಿ ನಮ್ಮ ಬೆರಳಚ್ಚು, ಕಣ್ಣಿನ ಪಾಪೆ ಮತ್ತು ಮುಖದ ದೃಢೀಕರಣವನ್ನು ಬೀಗ ಹಾಕಿ ಇಡಬಹುದು. ಬೀಗ ಇರುವಾಗ ಯಾರಾದರೂ ನಮ್ಮ ಬೆರಳಚ್ಚು ಬಳಸಲು ನೋಡಿದರೆ ಯಂತ್ರ 330 ಎಂಬ ದೋಷ ಸಂಕೇತ ತೋರಿಸಿ ನಿರಾಕರಿಸುತ್ತದೆ. ಪಡಿತರ ಅಂಗಡಿಗೆ ಅಥವಾ ಉಪನೋಂದಣಿ ಕಚೇರಿಗೆ ಹೋದಾಗ ತಾತ್ಕಾಲಿಕವಾಗಿ ಬೀಗ ತೆಗೆದರೆ 10 ನಿಮಿಷದ ನಂತರ ಅದು ತಾನಾಗಿ ಮತ್ತೆ ಬೀಳುತ್ತದೆ. ಕೆಲಸವೂ ಆಗುತ್ತದೆ, ಬಾಗಿಲೂ ಮುಚ್ಚಿರುತ್ತದೆ. ತಾತ್ಕಾಲಿಕ ಅನುಮತಿಗೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗಲಾರದು. ಒಟಿಪಿ ಮೂಲಕ ನಡೆಯುವ ಆಧಾರ್ ದೃಢೀಕರಣಕ್ಕೆ ಈ ಬೀಗದಿಂದ ತೊಂದರೆಯಿಲ್ಲ. ಆದರೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಮನೆಯ ಅಜ್ಜ, ಅಜ್ಜಿಯರ ಆಧಾರ್‌ಗೆ ಯಾವ ಸಂಖ್ಯೆ ಜೋಡಿಸಲಾಗಿದೆ, ಅದು ಈಗ ಯಾರ ಬಳಿ ಇದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಅದೇ ಜಾಲತಾಣದಲ್ಲಿ ಕಳೆದ 6 ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ 50 ದಾಖಲೆಗಳವರೆಗೆ ನೋಡಬಹುದು. ಆಧಾರ್ ಪ್ರತಿ ಕೊಡಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಡಬಹುದು. ಸಂಖ್ಯೆಯ ಬದಲು 16 ಅಂಕಿಯ ವರ್ಚುವಲ್ ಐಡಿ ಬಳಸಬಹುದು. ಹೊಸದನ್ನು ಪಡೆದ ಕೂಡಲೇ ಹಳೆಯದು ರದ್ದಾಗುತ್ತದೆ.

ನಮ್ಮ ನಾಲ್ಕು ತಾಲೂಕುಗಳಿಗೆ ಈ ಎಚ್ಚರ ಈಗ ಹೆಚ್ಚು ಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಉದ್ದೇಶವಿದೆ. ಮುಳುಗಡೆಯಾಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಕೊಡುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೆಗೆದುಕೊಂಡಿತು. ಇಷ್ಟು ದೊಡ್ಡ ಮೊತ್ತ ರೈತ ಕುಟುಂಬದ ಒಂದು ಖಾತೆಗೆ ಬರುವಾಗ ಉತಾರ ತೆಗೆಸಲು, ಅರ್ಜಿ ತುಂಬಲು, ಖಾತೆ ಜೋಡಿಸಲು ನೆರವಿಗೆ ಬರುವವರು ಅನೇಕರು. ನೆರವು ಪಡೆಯಿರಿ. ಆದರೆ ಫೋನನ್ನೇ ಅವರ ಕೈಗೆ ಕೊಟ್ಟು ಕೂರಬೇಡಿ, ಒಟಿಪಿ ಬಂದಾಗ ಅದು ಯಾವುದಕ್ಕೆ ಬಂದಿದೆ ಎಂದು ಸಂದೇಶ ಓದಿಸಿಕೊಳ್ಳಿ, ಕೆಲಸ ಮುಗಿದ ದಿನ ಬಯೋಮೆಟ್ರಿಕ್ ಬೀಗ ಹಾಕಿಸಿ. ಎಇಪಿಎಸ್ ಬೇಡವೇ ಬೇಡ ಎನ್ನುವವರು ಬ್ಯಾಂಕಿಗೆ ಅರ್ಜಿ ಕೊಟ್ಟು ಆ ಖಾತೆಗೆ ಆಧಾರ್ ಪಾವತಿ ನಿಲ್ಲಿಸಲು ಕೇಳಬಹುದು.

ಹಿರಿಯರ ಖಾತೆಯಿಂದ ಮನೆಯ ಸಾಮಾನಿಗೆ, ಔಷಧಿಗೆ ಮಕ್ಕಳು ಹಣ ಕಟ್ಟಬೇಕಾದರೆ ಯುಪಿಐ ಪಿನ್ ಹೇಳಿಬಿಡುವ ರೂಢಿಯಿದೆ. ಅದರ ಬದಲು 2024ರಲ್ಲಿ ಬಂದ ಯುಪಿಐ ಸರ್ಕಲ್ ಬಳಸಬಹುದು. ಖಾತೆದಾರರು ಮನೆಯವರೊಬ್ಬರನ್ನು ಸೇರಿಸಿಕೊಂಡು ತಿಂಗಳಿಗೆ ಗರಿಷ್ಠ 15,000 ರೂಪಾಯಿ, ಒಂದು ಪಾವತಿಗೆ 5,000 ರೂಪಾಯಿ ಮಿತಿಯೊಳಗೆ ಅನುಮತಿ ಕೊಡಬಹುದು. ಪ್ರತಿ ಪಾವತಿಗೂ ತಾವೇ ಒಪ್ಪಿಗೆ ಕೊಡುವ ಆಯ್ಕೆಯೂ ಇದೆ. ಬೇಡವಾದಾಗ ತೆಗೆದುಹಾಕಿದರೆ ಆಯಿತು, ಪಿನ್ ಬದಲಿಸಬೇಕಿಲ್ಲ.

ಬಸದಿ ಟ್ರಸ್ಟ್‌ನಲ್ಲಿ: ಸಮಿತಿ ಮುಗಿದರೆ ಲಾಗಿನ್ ಕೂಡ ಮುಗಿಯಲಿ

ಚಾತುರ್ಮಾಸಕ್ಕೆ, ಪಂಚಕಲ್ಯಾಣಕ್ಕೆ, ವಾರ್ಷಿಕೋತ್ಸವಕ್ಕೆ ನಾವು ಸಮಿತಿ ರಚಿಸುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಸಮಿತಿ ಲೆಕ್ಕ ಒಪ್ಪಿಸಿ ವಿಸರ್ಜನೆಯಾಗುತ್ತದೆ. ಪೆಂಡಾಲ್ ಬಿಚ್ಚುತ್ತಾರೆ, ಬಾಡಿಗೆ ಪಾತ್ರೆ ಹಿಂದಿರುಗಿಸುತ್ತಾರೆ. ಆದರೆ ಆ ದಿನಗಳಲ್ಲಿ ತೆರೆದ ಗೂಗಲ್ ಫಾರ್ಮ್, ದಾನಿಗಳ ಪಟ್ಟಿಯ ಶೀಟ್, ವಾಟ್ಸಾಪ್ ವೆಬ್ ಲಾಗಿನ್, ಎಲ್ಲರಿಗೂ ಹೇಳಿದ್ದ ಇ-ಮೇಲ್ ಪಾಸ್‌ವರ್ಡ್ ಹಾಗೆಯೇ ಉಳಿಯುತ್ತವೆ. ಮೂರು ವರ್ಷದ ಹಿಂದಿನ ಸ್ವಯಂಸೇವಕರ ಫೋನ್‌ನಲ್ಲೂ ದಾನಿಗಳ ಪಟ್ಟಿ ತೆರೆದುಕೊಳ್ಳುತ್ತದೆ.

ಆ ಪಟ್ಟಿಯಲ್ಲಿ ಇರುವುದೇನು ಎಂದು ಯೋಚಿಸಿ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ದೇಣಿಗೆಯ ಮೊತ್ತ. 80ಜಿ ವಿನಾಯಿತಿ ಇರುವ ಟ್ರಸ್ಟ್‌ಗಳು 2021–22ರ ಆರ್ಥಿಕ ವರ್ಷದಿಂದ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ಪದ್ಧತಿ ಬಂದಿರುವುದರಿಂದ ಪ್ಯಾನ್ ಅಥವಾ ಆಧಾರ್ ಸಂಖ್ಯೆಯೂ ಸೇರಿರುತ್ತದೆ. ಇಂಥ ಪಟ್ಟಿ ವಂಚಕರಿಗೆ ಸಿಕ್ಕರೆ, ಬಸದಿಯ ಹೆಸರು ಹೇಳಿಕೊಂಡೇ ಅವರು ನಮ್ಮವರಿಗೆ ಫೋನ್ ಮಾಡಬಲ್ಲರು.

ಕಾನೂನು ಕೂಡ ಇದೇ ದಿಕ್ಕಿಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾವ ಉದ್ದೇಶಕ್ಕೆ ಮಾಹಿತಿ ಪಡೆದಿದ್ದೇವೆಯೋ ಅದಕ್ಕಷ್ಟೇ ಬಳಸಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಅವಕಾಶ ಇರಬೇಕು. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾಗಿವೆ. ಮಾಹಿತಿಯನ್ನು ಯಾರು ನೋಡಬಹುದು ಎಂಬ ನಿಯಂತ್ರಣ ಮತ್ತು ಯಾರು ನೋಡಿದರು ಎಂಬ ದಾಖಲೆ ಇರಬೇಕೆಂದು ಅವು ಹೇಳುತ್ತವೆ. ನಿಯಮಗಳು ಹಂತ ಹಂತವಾಗಿ ಜಾರಿಗೆ ಬರುವುದರಿಂದ ಟ್ರಸ್ಟ್‌ಗಳಿಗೆ ಸಿದ್ಧತೆಗೆ ಸಮಯವಿದೆ.

ಟ್ರಸ್ಟ್‌ಗಳು ಮಾಡಬಹುದಾದ ಕೆಲಸಗಳು ಇವು:

1. ಟ್ರಸ್ಟ್‌ನ ಇ-ಮೇಲ್ ಖಾತೆಯ ಪಾಸ್‌ವರ್ಡ್ ಹಂಚಬೇಡಿ. ಕೆಲಸ ಮಾಡುವವರ ಸ್ವಂತ ಇ-ಮೇಲ್‌ಗೆ ಬೇಕಾದ ಫೈಲ್ ಒಂದನ್ನೇ ಹಂಚಿ. ನೋಡಿದರೆ ಸಾಕು ಎನ್ನುವವರಿಗೆ ನೋಡುವ ಅನುಮತಿ, ತಿದ್ದಬೇಕಾದವರಿಗೆ ಮಾತ್ರ ತಿದ್ದುವ ಅನುಮತಿ.

2. ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆಯನ್ನು ದಾನಿಗಳ ಪಟ್ಟಿಗೆ ಎಂದೂ ಇಡಬೇಡಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಲಿಂಕ್ ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು.

3. ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವ್‌ನ ಕೆಲವು ಹಣ ಪಾವತಿಸಿದ ಆವೃತ್ತಿಗಳಲ್ಲಿ ಹಂಚುವಾಗಲೇ ಕೊನೆಯ ದಿನಾಂಕ ಹಾಕಬಹುದು. ಆ ಸೌಲಭ್ಯ ಇಲ್ಲದಿದ್ದರೆ ಫೋನ್‌ನ ಕ್ಯಾಲೆಂಡರ್‌ನಲ್ಲಿ ರದ್ದು ಮಾಡುವ ದಿನವನ್ನು ಗುರುತಿಸಿ.

4. ಟ್ರಸ್ಟ್‌ನ ಖಾತೆಗಳಿಗೆ ಅಧ್ಯಕ್ಷರ ಅಥವಾ ಕಾರ್ಯದರ್ಶಿಯ ಸ್ವಂತ ಮೊಬೈಲ್ ಸಂಖ್ಯೆ ಜೋಡಿಸಬೇಡಿ. ಟ್ರಸ್ಟ್‌ನ ಹೆಸರಿನಲ್ಲೇ ಒಂದು ಸಿಮ್ ಇರಲಿ. ಬಳಕೆ ನಿಂತು ರದ್ದಾದ ಮೊಬೈಲ್ ಸಂಖ್ಯೆಯನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಲು ಅವಕಾಶವಿದೆ. ಆಗ ಒಟಿಪಿ ಅಪರಿಚಿತರಿಗೆ ಹೋಗುತ್ತದೆ.

5. ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿ ನಮೂದಿಸಿ ಮತ್ತೊಬ್ಬರು ಒಪ್ಪುವ ವ್ಯವಸ್ಥೆ ಕೇಳಿ ಪಡೆಯಿರಿ. ಚೆಕ್ಕಿಗೆ ಇಬ್ಬರ ಸಹಿ ಬೇಕೆಂಬ ಹಳೆಯ ನಿಯಮದ ಹೊಸ ರೂಪ ಇದು.

6. ಸಮಿತಿ ವಿಸರ್ಜನೆಯ ಠರಾವಿನಲ್ಲಿಯೇ ಒಂದು ಸಾಲು ಸೇರಿಸಿ: ಸಮಿತಿಯ ಸದಸ್ಯರಿಗೆ ಕೊಟ್ಟ ಎಲ್ಲ ಡಿಜಿಟಲ್ ಅನುಮತಿಗಳನ್ನು ಇಂಥ ದಿನಾಂಕದಂದು ಹಿಂಪಡೆಯಲಾಗಿದೆ.

ಅಂಗಡಿ ಮತ್ತು ಪತ್ತಿನ ಸಂಘದಲ್ಲಿ

ರಬಕವಿ-ಬನಹಟ್ಟಿಯ ಜವಳಿ ವ್ಯಾಪಾರಿಯಿರಲಿ, ಮುಧೋಳದ ಗೊಬ್ಬರದ ಅಂಗಡಿಯಿರಲಿ, ಕಂಪ್ಯೂಟರ್‌ಗೆ ತೊಂದರೆ ಬಂದಾಗ ದೂರದಿಂದಲೇ ಸರಿಮಾಡಲು ಎನಿಡೆಸ್ಕ್‌ನಂತಹ ಆಪ್ ಬಳಸುತ್ತಾರೆ. ಆಪ್ ತೋರಿಸುವ ಸಂಖ್ಯೆ ಹೇಳಿ ಒಪ್ಪಿಗೆ ಒತ್ತಿದರೆ ಎದುರಿನವರಿಗೆ ನಮ್ಮ ಪರದೆಯೇ ಸಿಗುತ್ತದೆ. ಇದೇ ದಾರಿಯಿಂದ ಯುಪಿಐ ವಂಚನೆ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ನಾವೇ ಕರೆದ ಪರಿಚಿತ ತಂತ್ರಜ್ಞರಿಗೆ ಕೊಡುವಾಗಲೂ ಒಂದು ವಿಷಯ ನೋಡಿಕೊಳ್ಳಿ. ನಾವು ಎದುರಿಗಿಲ್ಲದಿದ್ದರೂ ಯಾವಾಗ ಬೇಕಾದರೂ ಒಳಬರುವಂತೆ ಕಾಯಂ ಪಾಸ್‌ವರ್ಡ್ ಇಡುವ ಸೌಲಭ್ಯ ಇಂಥ ಆಪ್‌ಗಳಲ್ಲಿದೆ. ಅದು ಬೇಡ. ಪ್ರತಿ ಸಲ ಹೊಸದಾಗಿ ಒಪ್ಪಿಗೆ, ಕೆಲಸ ಮುಗಿದ ಕೂಡಲೇ ಸಂಪರ್ಕ ಬಂದ್. ಆ ಹೊತ್ತಿನಲ್ಲಿ ಬ್ಯಾಂಕಿನ ಪುಟ ತೆರೆದಿರಬಾರದು.

ವಿಂಡೋಸ್ ಕಂಪ್ಯೂಟರ್‌ನಲ್ಲಿ ನಿತ್ಯದ ಕೆಲಸಕ್ಕೆ ಸಾಮಾನ್ಯ ಬಳಕೆದಾರರ ಖಾತೆ ಇರಲಿ, ಅಡ್ಮಿನ್ ಖಾತೆ ಬೇರೆ ಇರಲಿ. ಹೊಸ ಸಾಫ್ಟ್‌ವೇರ್ ಹಾಕುವಾಗ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಆ ಒಂದು ಕೆಲಸಕ್ಕಷ್ಟೇ ಅಧಿಕಾರ ಸಿಗುತ್ತದೆ. ನಿತ್ಯದ ಖಾತೆಗೆ ಅಡ್ಮಿನ್ ಅಧಿಕಾರ ಇಲ್ಲದಿದ್ದರೆ, ಆಕಸ್ಮಿಕವಾಗಿ ಒತ್ತಿದ ಕೆಟ್ಟ ಲಿಂಕ್ ಮಾಡಬಹುದಾದ ಹಾನಿಯೂ ಕಡಿಮೆಯಾಗುತ್ತದೆ. ದೊಡ್ಡ ಕಂಪನಿಗಳಲ್ಲಿ ಅಡ್ಮಿನ್ ಅಧಿಕಾರವನ್ನು ಗಂಟೆಗಳ ಲೆಕ್ಕದಲ್ಲಿ ಕೊಡುತ್ತಾರೆ. ಬೇಕಾದಾಗ ಕಾರಣ ಬರೆದು ಕೇಳಬೇಕು, ಅವಧಿ ಮುಗಿದರೆ ಅದು ತಾನೇ ಇಳಿದುಹೋಗುತ್ತದೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೊರಗಿನ ಸಾಫ್ಟ್‌ವೇರ್‌ಗೆ ಅನುಮತಿ ಕೊಡುವಾಗ ಅವಧಿಯನ್ನು ಕೇಳುತ್ತದೆ. ಅದು 6 ಗಂಟೆಯಿಂದ 30 ದಿನದವರೆಗೆ ಇರಬಹುದು. ಅಭ್ಯಾಸದಿಂದ 30 ದಿನ ಆರಿಸುವವರೇ ಹೆಚ್ಚು. ರಿಟರ್ನ್ ಸಲ್ಲಿಸಲು 6 ಗಂಟೆ ಸಾಕಾದರೆ ಅಷ್ಟೇ ಕೊಡಿ. ತೆರಿಗೆ ಸಲಹೆಗಾರರು ನೋಂದಾಯಿತ ಜಿಎಸ್‌ಟಿ ಪ್ರಾಕ್ಟಿಷನರ್ ಆಗಿದ್ದರೆ ಅವರನ್ನು ಪೋರ್ಟಲ್‌ನಲ್ಲೇ ನೇಮಿಸಿಕೊಳ್ಳಬಹುದು, ಬೇಡವಾದಾಗ ಬಿಡುಗಡೆ ಮಾಡಬಹುದು. ನಮ್ಮ ಪಾಸ್‌ವರ್ಡ್ ಅವರ ಕಚೇರಿಯ ಡೈರಿಯಲ್ಲಿ ಬರೆದಿಡುವ ಅಗತ್ಯವೇ ಬೀಳುವುದಿಲ್ಲ.

ಪತ್ತಿನ ಸಹಕಾರ ಸಂಘಗಳಲ್ಲಿ ವ್ಯವಸ್ಥಾಪಕರು ರಜೆ ಹೋದಾಗ ಅವರ ಲಾಗಿನ್‌ನಲ್ಲೇ ಬೇರೆಯವರು ಕೆಲಸ ಮಾಡುವುದುಂಟು. ಆ ದಿನ ಒಂದು ತಪ್ಪು ನಮೂದು ಆದರೆ ದಾಖಲೆಯಲ್ಲಿ ಹೆಸರು ಬೀಳುವುದು ಊರಲ್ಲೇ ಇರದ ವ್ಯವಸ್ಥಾಪಕರದು. ಅದರ ಬದಲು ಸಹಾಯಕರ ಸ್ವಂತ ಲಾಗಿನ್‌ಗೆ ರಜೆಯ ದಿನಗಳ ಮಟ್ಟಿಗೆ ಹೆಚ್ಚಿನ ಅಧಿಕಾರ ಕೊಟ್ಟು, ವ್ಯವಸ್ಥಾಪಕರು ಮರಳಿದ ದಿನ ಹಿಂಪಡೆದರೆ ಇಬ್ಬರಿಗೂ ಕ್ಷೇಮ. ಸಕ್ಕರೆ ಕಾರ್ಖಾನೆಗಳು ನುರಿಸುವ ಹಂಗಾಮಿಗೆ ಹಂಗಾಮಿ ಕೆಲಸಗಾರರನ್ನು ತೆಗೆದುಕೊಳ್ಳುವುದು ನಮಗೆ ಗೊತ್ತಿದೆ. ಹಂಗಾಮಿ ಕೆಲಸಕ್ಕೆ ಹಂಗಾಮಿ ಲಾಗಿನ್ ಎಂಬುದು ಅದೇ ಲೆಕ್ಕ.

ಇದರಿಂದ ಕೆಲಸ ನಿಧಾನವಾಗುವುದಿಲ್ಲವೇ?

ಈ ಪ್ರಶ್ನೆ ಸಹಜ. ಒಂದೇ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿದ್ದರೆ ಕೆಲಸ ಬೇಗ ಆಗುತ್ತದೆ ಎನಿಸುತ್ತದೆ. ನಡೆಯುವುದು ಹೆಚ್ಚಾಗಿ ಇದಕ್ಕೆ ವಿರುದ್ಧ. ಎಲ್ಲರೂ ಒಂದೇ ಖಾತೆ ಬಳಸುವಾಗ ಒಟಿಪಿ ಮಾತ್ರ ಒಬ್ಬರ ಫೋನ್‌ಗೆ ಬರುತ್ತದೆ. ಅವರು ತೀರ್ಥಯಾತ್ರೆಗೆ ಹೋಗಿದ್ದರೆ, ಆಸ್ಪತ್ರೆಯಲ್ಲಿದ್ದರೆ ಆಡಿಟರ್ ಕಾದು ಕೂರಬೇಕು. ಯಾರೋ ಒಬ್ಬರು ಪಾಸ್‌ವರ್ಡ್ ಬದಲಿಸಿದರೆ ಉಳಿದವರೆಲ್ಲ ಹೊರಗೆ.

ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ, ಗೊತ್ತಾದ ಅವಧಿ ಇದ್ದರೆ ಆಡಿಟರ್ ಮಾರ್ಚ್ ನಂತರ ತಮ್ಮ ಲಾಗಿನ್‌ನಿಂದ ತಾವೇ ಲೆಕ್ಕ ನೋಡಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಊರಿನ ಬಸದಿಯ ಕಾರ್ಯಕ್ರಮದ ಆಮಂತ್ರಣ, ಪಟ್ಟಿಯ ಕೆಲಸವನ್ನು ಅಲ್ಲಿಂದಲೇ ಮಾಡಿಕೊಡಬಹುದು. ಆಕೆಗೆ ಬ್ಯಾಂಕ್ ಖಾತೆಯ ಒಂದಂಕಿಯೂ ಕಾಣುವುದಿಲ್ಲ. ಟ್ಯಾಲಿಯಲ್ಲಿ ಬೇರೆ ಬೇರೆ ಬಳಕೆದಾರರನ್ನು ಮಾಡಿ, ಯಾರು ಯಾವ ನಮೂದನ್ನು ಬದಲಿಸಿದರು ಎಂದು ತೋರಿಸುವ ಎಡಿಟ್ ಲಾಗ್ ಇಟ್ಟರೆ ವರ್ಷದ ಕೊನೆಯಲ್ಲಿ ‘ಇದನ್ನು ಯಾರು ತಿದ್ದಿದರು’ ಎಂದು ಹುಡುಕುತ್ತ ದಿನ ಕಳೆಯಬೇಕಿಲ್ಲ.

ತುರ್ತಿನ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಳ್ಳಬೇಕು. ಮುಖ್ಯ ಖಾತೆಯ ಪಾಸ್‌ವರ್ಡ್ ಮತ್ತು ಬ್ಯಾಕಪ್ ಸಂಕೇತಗಳನ್ನು ಲಕೋಟೆಯಲ್ಲಿಟ್ಟು, ಅರಗು ಹಾಕಿ, ಇಬ್ಬರು ಪದಾಧಿಕಾರಿಗಳ ಸಹಿಯೊಂದಿಗೆ ಟ್ರಸ್ಟ್‌ನ ತಿಜೋರಿಯಲ್ಲಿಡಿ. ಅಧ್ಯಕ್ಷರಿಗೆ ಏನಾದರೂ ಆದರೆ ಖಾತೆಯೇ ಕೈತಪ್ಪುವ ಸ್ಥಿತಿ ಬರಬಾರದು. ಲಕೋಟೆ ಒಡೆದರೆ ಕಾರಣ ಬರೆದಿಟ್ಟು ಹೊಸ ಪಾಸ್‌ವರ್ಡ್ ಮಾಡಿ ಮತ್ತೆ ಅರಗು ಹಾಕಿ.

ಒಂದು ಪುಟದ ದಾಖಲೆ

ಇಷ್ಟಕ್ಕೂ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು. ಅದರಲ್ಲಿ ಆರು ಅಂಕಣ: ಯಾರಿಗೆ ಕೊಟ್ಟೆವು, ಯಾವುದಕ್ಕೆ ಕೊಟ್ಟೆವು, ನೋಡಲು ಮಾತ್ರವೋ ತಿದ್ದಲೂ ಬಹುದೋ, ಕೊಟ್ಟ ದಿನ, ಮುಗಿಯುವ ದಿನ, ಹಿಂಪಡೆದವರ ಸಹಿ. ಪಾಸ್‌ವರ್ಡ್ ಮಾತ್ರ ಇದರಲ್ಲಿ ಬರೆಯಬಾರದು. ತಿಂಗಳಿಗೊಮ್ಮೆ ಟ್ರಸ್ಟ್ ಸಭೆಯಲ್ಲಿ ಜಮಾ-ಖರ್ಚು ಓದಿದ ಮೇಲೆ ಈ ಪುಟವನ್ನೂ ಓದಿ. ಮುಗಿಯುವ ದಿನ ದಾಟಿಯೂ ಸಹಿ ಬೀಳದ ಸಾಲು ಕಂಡರೆ ಅಲ್ಲೇ ರದ್ದು ಮಾಡಿಸಿ.

ಹೀಗಿದ್ದೂ ಹಣ ಹೋದರೆ ತಡಮಾಡಬೇಡಿ. ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ವ್ಯವಸ್ಥೆಯ ಬೇರೆಲ್ಲೋ ನಡೆದಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊಣೆ ಬೀಳುವುದಿಲ್ಲ. ಪಿನ್ ಅಥವಾ ಒಟಿಪಿಯನ್ನು ನಾವೇ ಹೇಳಿಕೊಟ್ಟಿದ್ದರೆ ಈ ರಕ್ಷಣೆ ಸಿಗುವುದು ಕಷ್ಟ.

‘ನಮ್ಮವರ ಮೇಲೆಯೇ ಸಂಶಯವೇ’ ಎಂದು ಕೆಲವರು ಕೇಳಬಹುದು. ಅವಧಿ ಹಾಕುವುದರಿಂದ ಹೆಚ್ಚು ರಕ್ಷಣೆ ಸಿಗುವುದು ಅನುಮತಿ ಪಡೆದವರಿಗೇ. ದೀಪಾವಳಿಗೆ ಲಾಗಿನ್ ಹಿಂದಿರುಗಿಸಿದ ಸ್ವಯಂಸೇವಕನನ್ನು ಯುಗಾದಿಯಲ್ಲಿ ಆದ ಲೆಕ್ಕದ ವ್ಯತ್ಯಾಸಕ್ಕೆ ಯಾರೂ ಪ್ರಶ್ನಿಸಲಾರರು. ವರ್ಷಗಟ್ಟಲೆ ಪುಕ್ಕಟೆ ದುಡಿದವರ ಹೆಸರು ಇಂಥ ಕಾರಣಕ್ಕೆ ಕೆಡುವುದನ್ನು, ಬಾಂಧವರಲ್ಲಿ ಮನಸ್ತಾಪ ಹುಟ್ಟುವುದನ್ನು ತಪ್ಪಿಸುವ ದಾರಿ ಇದು.

ಮೊದಲ ಹೆಜ್ಜೆಗೆ ಅರ್ಧ ಗಂಟೆ ಸಾಕು. ವಾಟ್ಸಾಪ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿ, ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ, ದಾನಿಗಳ ಶೀಟ್ ಯಾರ ಯಾರ ಜೊತೆ ಹಂಚಿದೆ ಎಂಬ ಪಟ್ಟಿ, ಈ ಮೂರನ್ನು ತೆರೆದು ನೋಡಿ. ಈಗ ಆ ಕೆಲಸದಲ್ಲಿ ಇಲ್ಲದವರ ಹೆಸರು ಕಂಡರೆ ಅವರಿಗೊಂದು ಫೋನ್ ಮಾಡಿ, ಧನ್ಯವಾದ ಹೇಳಿ, ಅನುಮತಿ ತೆಗೆದುಹಾಕಿ. ಮುಂದಿನ ಸಲ ಬೇಕಾದಾಗ ಮತ್ತೆ ಕೊಡಲು ಒಂದು ನಿಮಿಷವೂ ಹಿಡಿಯುವುದಿಲ್ಲ.